ಅರಿಶಿಣವಿಲ್ಲದ ಕೈಮಾ ಉಂಡೆ

ಚಳ್ಳಕೆರೆ
೯ ಜುಲೈ ೨೦೨೫, ಬುಧವಾರ

ಮೌನಿಕಾಳ ಅಮ್ಮನಿಗೆ, ಅವಳ ಅಪ್ಪ ಬರೆಯುವುದು.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಹುಡುಗಿ ದಿನಾ ಶಾಲೆಗೆ ಹೋಗುತ್ತಾಳೆ, ಹೊಸ ಚಪ್ಪಲಿ ಕಚ್ಚುತ್ತಿದ್ದದ್ದು ನಿಂತಿದೆ. ಫೋನ್ ಇರುವಾಗ ಈ ಮನುಷ್ಯನಿಗೆ ಕಾಗದದ ಹುಚ್ಚು ಯಾಕೆ ಎಂದು ನಿಮ್ಮಮ್ಮ ಗೋವಿಂದಮ್ಮನವರು ಮೂಗು ಮುರಿಯುತ್ತಾರೆ, ಮುರಿಯಲಿ. ಫೋನಿನಲ್ಲಿ ನೀನೂ ನಾನೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಮನೆಯೋ ಒಂದೇ ಕೋಣೆಯದು, ನಾನು ಎಷ್ಟು ಮೆಲ್ಲಗೆ ಮಾತಾಡಿದರೂ ಮಗುವಿನ ಕಿವಿಗೆ ಬೀಳುತ್ತದೆ. ಅದಕ್ಕೇ ಬರೆದು ಮೊಳಕಾಲ್ಮುರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ.

ಮೇಲೆ ಚೆನ್ನಾಗಿದ್ದೇವೆ ಎಂದು ಬರೆದೆನಲ್ಲ, ಅದು ಅರ್ಧ ಸುಳ್ಳು. ಮಗು ಸರಿಯಾಗಿ ಉಣ್ಣುತ್ತಿಲ್ಲ. ಇಲ್ಲಿಗೆ ಬಂದಾಗಿನಿಂದಲೂ ಹೀಗೇ. ನಿನ್ನ ಫೋನಿಗೆ ಕಳಿಸಿದ ಫೋಟೋ ಅವಳು ಇಲ್ಲಿಗೆ ಬಂದ ದಿನ ತೆಗೆದದ್ದು, ಈಗಿನದಲ್ಲ. ಶಾಲೆಯ ಲಂಗ ಸೊಂಟದಲ್ಲಿ ನಿಲ್ಲದೆ ಪಿನ್ನು ಹಾಕಿ ಕಳಿಸುತ್ತಿದ್ದೇನೆ. ಜೂನ್‌ನಲ್ಲಿ ಬಸ್ ಹತ್ತಿಸುವಾಗ ನೀನು ಹೇಳಿದ್ದು ಒಂದಕ್ಷರ ಮರೆತಿಲ್ಲ. "ಮಗ್ಗದ ಬುಡದಾಗೆ ಕೂತ್ರೆ ಇದು ಓದಲ್ಲ ಅಂತ ಕಳಿಸ್ತಿದೀನಿ. ಬಂದಾಗ ಮೈ ಇಳಿದಿದ್ದು ಕಂಡ್ರೆ ಅದೇ ಬಸ್ಸಿಗೆ ವಾಪಸ್ ಕರ್ಕಂಡು ಬರ್ತೀನಿ" ಎಂದೆ. ಭಾನುವಾರ ನೀನು ಬರುತ್ತೀಯ. ಆ ಭಾನುವಾರ ನೆನೆಸಿಕೊಂಡರೆ ನನಗೆ ಬೇಕರಿಯಲ್ಲಿ ಉಪ್ಪು ಯಾವುದು ಸಕ್ಕರೆ ಯಾವುದು ತಿಳಿಯುವುದಿಲ್ಲ. ಮೊನ್ನೆ ಖಾರದ ಬನ್ನಿಗೆ ಸಕ್ಕರೆ ಸುರಿದು ಸಾಹುಕಾರ್ ಕಲ್ಲೇಶಪ್ಪನವರ ಬಾಯಿಗೆ ಬಿದ್ದೆ.

ನಾನು ಏನೂ ಮಾಡಿ ಹಾಕುತ್ತಿಲ್ಲ ಎಂದುಕೊಳ್ಳಬೇಡ. ಮಟನ್ ಸಾರು ಮಾಡಿದೆ, ಸೊಪ್ಪಿನ ಸಾರು ಮಾಡಿದೆ, ಮೊಟ್ಟೆ ಹುರಿದುಕೊಟ್ಟೆ. ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳುತ್ತಾಳೆ. ಬೆಳಿಗ್ಗೆ ಬನ್ನು, ಮಧ್ಯಾಹ್ನದ ಡಬ್ಬಿಗೆ ಮೊಸರನ್ನ, ರಾತ್ರಿಯೂ ಮೊಸರನ್ನ. ಚಮಚ ಕೊಟ್ಟರೆ, "ನಾನೇನು ಆಸ್ಪತ್ರೆಲಿದೀನಾ" ಎಂದು ನನ್ನನ್ನೇ ಕೇಳುತ್ತಾಳೆ. ಬಾಯಿ ಮಾತ್ರ ಥೇಟ್ ನಿಮ್ಮ ಮನೆಯದು. ನನ್ನ ಅಡಿಗೆ ಹೇಸಿಗೆಯಾಗುತ್ತಿರಬೇಕು, ಇಲ್ಲವೇ ನಾನೇ ಆಗುತ್ತಿಲ್ಲ ಎಂದುಕೊಂಡೆ. ಒಂದು ಸಂಜೆ ಗದರಿದೆ ಕೂಡ. ಅವಳು ಅಳಲಿಲ್ಲ. ತಟ್ಟೆ ತೊಳೆದಿಟ್ಟು ಹೋಗಿ ಮಲಗಿದಳು.

ಸೋಮವಾರ ಬೇಳೆ ಸಾರು ಬಡಿಸುವಾಗ ಒಂದು ಹನಿ ಅವಳ ಬೆರಳಿಗೆ ಸಿಡಿಯಿತು. ಸುಟ್ಟಿತೇನೋ ಎಂದು ಗಾಬರಿಯಾದರೆ, ಅವಳು ನಲ್ಲಿಗೆ ಓಡಿ ಸೋಪು ಹಚ್ಚಿ ಚರ್ಮ ಕೆಂಪಾಗುವಂತೆ ತಿಕ್ಕಿಕೊಂಡಳು. ಲೈಟಿನ ಕೆಳಗೆ ಬೆರಳು ಹಿಡಿದು ನೋಡಿಕೊಂಡಳು. ಆಮೇಲೆ ಕೇಳಿದಳು, "ನಾಯನಾ, ಅಮ್ಮ ಬಿಳೀ ಸೀರೆ ಮಗ್ಗದಿಂದ ಇಳಿಸಿದ್ಲಾ?"

ಆಗ ನನಗೆ ಗೊತ್ತಾಯಿತು ವೀಣಾ. ಬಿಳಿ ಸೀರೆ ಮಗ್ಗದ ಮೇಲಿರುವಷ್ಟು ದಿನ ನಿಮ್ಮ ಮನೆಯಲ್ಲಿ ಯಾರೂ ಅರಿಶಿಣದ ಸಾರಿಗೆ ಕೈ ಹಾಕುವುದಿಲ್ಲ, ಎಣ್ಣೆ ಜಿಡ್ಡು ಮುಟ್ಟುವುದಿಲ್ಲ, ರೇಷ್ಮೆಗೆ ಕಲೆ ಹತ್ತುತ್ತದೆ ಎಂದು. ನಾನೂ ಅದೇ ಮಗ್ಗದ ಗುಂಡಿಯಲ್ಲಿ ಕೂತು ಅದೇ ಮೊಸರನ್ನ ತಿಂದವನು. ಅದನ್ನು ಬಿಟ್ಟು ನಾನು ಬೇಕರಿಗೆ ಬಂದೆ, ನೀನು ಮಗ್ಗ ಬಿಟ್ಟು ಬರಲಾರೆ ಎಂದೆ, ಮೂರು ವರ್ಷದಿಂದ ಇಬ್ಬರೂ ಹಿಡಿದ ಹಟ ಬಿಟ್ಟಿಲ್ಲ. ಮೂರು ವರ್ಷ ಮೈದಾದಲ್ಲಿ ಕೈ ಅದ್ದಿದವನಿಗೆ ಬಿಳಿ ಸೀರೆಯ ಪಥ್ಯ ಮರೆತೇ ಹೋಗಿತ್ತು.

"ಸೀರೆ ಅಲ್ಲೈತೆ, ನೀನು ಇಲ್ಲಿದೀಯಲ್ಲ ಪುಟ್ಟಿ" ಎಂದೆ. "ಭಾನುವಾರ ಅಮ್ಮ ಬರ್ತಾಳಲ್ಲ. ಊರಿಗೆ ಹೋದ ತಕ್ಷಣ ಅಂಚು ನೇಯೋ ಲಾಳಿ ನಾನೇ ಹಿಡಿಬೇಕು, ಅಜ್ಜಿಗೆ ತೋಳು ನೋವು" ಎಂದಳು. ಬಂದ ದಿನದಿಂದ ಅವಳು ನನ್ನ ಮನೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತ ಹಾಗೆ ಕೂತಿದ್ದಾಳೆ. ಇನ್ನು ಲಾಳಿ ಹಿಡಿಯುವುದು ಬೇಡ, ಉಣ್ಣು ಎಂದು ಹೇಳಬಹುದಿತ್ತು. ಹೇಳಿದ್ದರೆ ಇನ್ನು ಊರಿಗೇ ಕಳಿಸುವುದಿಲ್ಲವೆಂದುಕೊಂಡು ಮೊಸರನ್ನವನ್ನೂ ಬಿಡುತ್ತಿದ್ದಳು. ಆ ಕೈ ಕಲೆಯಿಲ್ಲದೆ ಹಾಗೇ ಇರಲಿ, ಹೊಟ್ಟೆಗಾದರೂ ಏನಾದರೂ ಬೀಳಲಿ ಎಂದುಕೊಂಡೆ.

ಕೈಗೆ ಕಲೆ ಹತ್ತದಂಥ ಕೈಮಾ ಉಂಡೆ ಮಾಡೋಣವೆಂದರೆ, ಮಟನ್ ಕೈಮಾದಲ್ಲಿ ಬೆರಳಿಗೆಲ್ಲ ಕೊಬ್ಬು ಮೆತ್ತುತ್ತದೆ. ಫಾರಂ ಕೋಳಿ ತಿನ್ನಿಸಬೇಡ ಎಂದು ನಿನ್ನದೇ ಅಪ್ಪಣೆ. ದೊಡ್ಡಉಳ್ಳಾರ್ತಿಯ ಸೂರಪ್ಪ ಟರ್ಕಿ ಕೋಳಿ ಸಾಕಿದ್ದಾನೆ, ದಿನಾ ನಮ್ಮಲ್ಲಿಗೇ ಟೀಗೆ ಬರುತ್ತಾನೆ. ಅದರ ಎದೆ ಮಾಂಸದಲ್ಲಿ ಜಿಡ್ಡೇ ಇಲ್ಲವೆಂದು ಅವನೇ ಹೇಳಿದ್ದು, ಅವನ ಹತ್ತಿರವೇ ಕೊಂಡು ಕೈಮಾ ಮಾಡಿಸಿದೆ. ಬೇಕರಿ ಒಲೆಯಲ್ಲಿ ಒಂದು ಟ್ರೇ ಸುಟ್ಟುಕೊಳ್ಳಲಾ ಎಂದು ಸಾಹುಕಾರರನ್ನು ಕೇಳಿದೆ. "ಲೇ ನಾಗಾರ್ಜುನ, ನನ್ನ ಬನ್ನಿಗೆ ಮಾಂಸದ ವಾಸ್ನೆ ಹತ್ತಿಸಬ್ಯಾಡ ಮಾರಾಯ. ಅಟ್ಟದ ಮ್ಯಾಲೆ ಹಳೇ ಕರೆಂಟಿನ ಓವನ್ ಬಿದ್ದೈತೆ, ಅದನ್ನ ತಗಂಡು ಮನೆಗೆ ನಡಿ" ಎಂದರು. ಸೈಕಲ್ ಮೇಲೆ ಕಟ್ಟಿಕೊಂಡು ಬಂದೆ.

ನಿನ್ನೆ ಮಾಡಿದ್ದು ಒಣಗಿ ಗೋಲಿಯಾಯಿತು. ಅವಳು ಒಂದನ್ನು ನೆಲಕ್ಕೆ ಉರುಳಿಸಿ ನಕ್ಕಳು. ಈ ಮನೆಯಲ್ಲಿ ಅವಳು ನಕ್ಕಿದ್ದು ಅದೇ ಮೊದಲು, ಆದರೂ ಊಟ ಮೊಸರನ್ನವೇ ಆಯಿತು. ಇವತ್ತು ಕೆಲಸ ಬಿಟ್ಟು ಬಂದವನೇ ನಿನ್ನೆಯ ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿ ಹಿಂಡಿ ಕೈಮಾಕ್ಕೆ ಸೇರಿಸಿದೆ. ಪರಶುರಾಂಪುರದ ಈರುಳ್ಳಿ ತುರಿದು ನೀರು ಹಿಂಡಿ ಹಾಕಿದೆ. ಒಂದು ಮೊಟ್ಟೆ, ಶುಂಠಿ ಬೆಳ್ಳುಳ್ಳಿ, ಮೆಣಸಿನ ಪುಡಿ ಎಂದರೆ ಕರಿಮೆಣಸಿನದು, ಕೊತ್ತಂಬರಿ ಸೊಪ್ಪು, ಉಪ್ಪು. ಅರಿಶಿಣ ಇಲ್ಲ, ಎಣ್ಣೆ ಇಲ್ಲ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಟ್ರೇಗೆ ಬೇಕರಿಯ ಬಟರ್ ಪೇಪರ್ ಹಾಸಿ ಓವನ್ ಒಳಗಿಟ್ಟೆ. ಹುಡುಗಿ ಲೆಕ್ಕ ಮಾಡಿ ಮುಗಿಸುವಷ್ಟರಲ್ಲಿ ಮೇಲೆ ಕೆಂಪಗಾಯಿತು. ನಾನು ಮಾತ್ರ ಕರೆಂಟು ಹೋದೀತೆಂದು ಲೈಟನ್ನೇ ನೋಡುತ್ತಾ ನಿಂತಿದ್ದೆ.

ನಿನ್ನ ಮಗಳು ಸುಮ್ಮನೆ ನಂಬುವವಳೇ? ಹಳೇ ಹಾಳೆಯೊಂದನ್ನು ಹರಿದು, ಉಂಡೆಯನ್ನು ಅದರ ಮೇಲೆ ಒತ್ತಿ, ಬೆಳಕಿಗೆ ಹಿಡಿದು ಕಲೆ ಹುಡುಕಿದಳು. ನೀರಿನ ಪಸೆ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಬಾಯಿಗಿಟ್ಟುಕೊಂಡಳು. ಎಷ್ಟು ತಿಂದಳೆಂದು ಎಣಿಸಿದರೆ ನನ್ನದೇ ದೃಷ್ಟಿ ತಾಗೀತೆಂದು ಗೋಡೆ ಕಡೆ ತಿರುಗಿ ಕೂತೆ. "ಇದು ಅಮ್ಮನಿಗೂ ಆಗುತ್ತೆ" ಎಂದು ಹೇಳಿ ನಾಲ್ಕು ಉಂಡೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಕಾಗದದ ಜೊತೆ ಅದನ್ನೂ ಕಳಿಸುತ್ತೇನೆ.

ಒಂದೇ ಒಂದು ಊಟಕ್ಕೆ ಮೈ ತುಂಬುವುದಿಲ್ಲ, ಗೊತ್ತು. ಭಾನುವಾರ ಬಂದವಳೇ ಬಾಗಿಲಲ್ಲಿ ಅವಳ ತೋಳು ಹಿಡಿದು ನೋಡಬೇಡ. ಒಳಗೆ ಬಾ, ಕೂರು. ಇನ್ನೊಂದು ತಿಂಗಳು ಅವಳನ್ನು ನನ್ನ ಹತ್ತಿರ ಬಿಡು. ಬಿಡಲಾರೆ ಎನ್ನುವುದಾದರೆ ಅವಳೆದುರು ಹೇಳಬೇಡ, ನನ್ನನ್ನು ಆಚೆ ಕರೆದು ಹೇಳು. ಸೀರೆ ಇಳಿದಿದ್ದರೆ ಅದನ್ನು ನೀನೇ ಅವಳಿಗೆ ತಿಳಿಸು, ನನ್ನ ಮಾತನ್ನು ನಂಬುವುದಿಲ್ಲ.

ನೀನು ಬರುವ ಬಸ್ಸಿಗೆ ಕಾದು ನಿಂತಿರುವ,
ನಾಗಾರ್ಜುನ

ತಾ.ಕ.: ಗುರುವಾರ ರಾತ್ರಿ. ಬೆಳಿಗ್ಗೆ ಬಸ್ ತಪ್ಪಿತು, ಕಾಗದ ಜೇಬಿನಲ್ಲೇ ಉಳಿಯಿತು, ನಾಳೆ ಕೊಡುತ್ತೇನೆ. ಡಬ್ಬಿಯಲ್ಲಿದ್ದ ಉಂಡೆ ಕೆಟ್ಟೀತೆಂದು ಸಂಜೆ ನನಗೊಬ್ಬನಿಗೆ ಅರಿಶಿಣ ಹಾಕಿ ಸಾರು ಕುದಿಸಿ ಅದರಲ್ಲಿ ಬಿಟ್ಟೆ. ಅವಳು ಬಹಳ ಹೊತ್ತು ನೋಡುತ್ತಾ ಕೂತಿದ್ದು, ತನ್ನ ಅನ್ನದ ತಟ್ಟೆ ಮುಂದಕ್ಕೆ ತಳ್ಳಿ "ನಂಗೂ ಹಾಕು" ಎಂದಳು. ಐದೂ ಬೆರಳು ಅದ್ದಿ ಕಲಸಿಕೊಂಡು ಉಂಡಳು. ಉಂಡಾದ ಮೇಲೆ "ಅಮ್ಮ ಬೈತಾಳೆ" ಎಂದು ಕೈ ನನ್ನ ಮುಂದೆ ಚಾಚಿದಳು. ನಲ್ಲಿಯ ಕೆಳಗೆ ಸೋಪು ಹಚ್ಚಿ ತೊಳೆದೆ. ಉಗುರಿನ ಸಂದಿಯಲ್ಲಿ ಹಳದಿ ಹಾಗೇ ಉಳಿದಿದೆ, ಭಾನುವಾರ ನಿನ್ನ ಕಣ್ಣಿಗೆ ಬೀಳುತ್ತದೆ. ಅವಳನ್ನು ಬೈಯಬೇಡ. ನಾನೇ ಗಟ್ಟಿಯಾಗಿ ತಿಕ್ಕಲಿಲ್ಲ.