ಕಿತ್ತೆಸೆದ ತುಣುಕು

ಗುರುವಾರ, ಜೂನ್ ೧೨

ಪ್ರೀತಿಯ ದಾರದುಂಡೆ,

ಅದೇ, ನಿನ್ನೆ ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಕುಕ್ಕರ್ ಕೂಗಿತೆಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಕುಕ್ಕರೇ ಇರಲಿಲ್ಲ. "ಮಾತ್ರೆ ತಗೊಂಡ್ರಾ ಅಪ್ಪಾ?" ಎಂದು ನೀನು ಕೇಳಿದೆ, ಅದಕ್ಕೇ ಇಟ್ಟೆ. ನಿನ್ನೆ ನಿಜವಾಗಿಯೂ ತೆಗೆದುಕೊಂಡಿದ್ದೆ, ಆದರೂ ಬಾಯಿ ಬರಲಿಲ್ಲ. ಈ ಕಾಗದ ಬರೆಯಲು ಹದಿನೈದು ದಿನದಿಂದ ಕೂತು, ಪೆನ್ನು ಹುಡುಕುವ ನೆಪದಲ್ಲಿ ಏಳುತ್ತಿದ್ದೇನೆ. ತಡವಾಯಿತು, ಬೈದುಕೋ. ಪೂರ್ತಿ ಓದಿ ಬೈದುಕೋ.

ನನ್ನ ರಕ್ತದ ಕ್ಯಾನ್ಸರಿನ ಸುದ್ದಿ ನಿನಗೆ ಗೊತ್ತು. ಡಾಕ್ಟರಮ್ಮ ಅದನ್ನು ಬಿಡಿಸಿ ಹೇಳಿದ್ದು ಗೊತ್ತಿಲ್ಲ. ರಕ್ತಕಣದೊಳಗೆ ಕ್ರೋಮೋಸೋಮುಗಳಿವೆಯಂತೆ. ನನ್ನ ಒಂಬತ್ತನೆಯದರ ತುಂಡು ಇಪ್ಪತ್ತೆರಡನೆಯದಕ್ಕೆ, ಅದರ ತುಂಡು ಇದಕ್ಕೆ ಅಂಟಿಕೊಂಡಿದೆಯಂತೆ. ಅರ್ಥವಾಯಿತೇ ಎಂದು ಕೇಳಿದರು. ನಲವತ್ತು ವರ್ಷ ಹೊಲಿದವನಿಗೆ ಅರ್ಥವಾಗದೆ ಇರುತ್ತದೆಯೇ? ವಕೀಲರ ಬಿಳಿ ಅಂಗಿಗೆ ಅಂಚೆಯವನ ಖಾಕಿ ತೋಳು, ಅಂಚೆಯವನ ಖಾಕಿಗೆ ವಕೀಲರ ಬಿಳಿ ತೋಳು ಹೊಲಿದ ಪುಣ್ಯಾತ್ಮ ನಾನು. ನಿಮ್ಮಮ್ಮ ಮೂರು ದಿನ ನಕ್ಕಿದ್ದಳು. ಇದು ಆಸ್ತಿಯ ಹಾಗೆ ಮಕ್ಕಳಿಗೆ ಬರುವುದಿಲ್ಲ ಎಂದೂ ಹೇಳಿದರು. ನಿನಗೆ ಬರುವುದು ನನ್ನ ಕತ್ತರಿ ಒಂದೇ.

ಆ ತಪ್ಪು ಜೋಡಣೆಯೇ ಕಾಯಿಲೆಯ ಗುರುತು. ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು ಅದು ಎಷ್ಟಿದೆ ಎಂದು ನೋಡುತ್ತಾರೆ. ಗಿರಾಕಿಯ ಬಟ್ಟೆಯ ತುಣುಕೊಂದನ್ನು ಅಳತೆ ಪುಸ್ತಕಕ್ಕೆ ಪಿನ್ನು ಚುಚ್ಚಿ ಇಡುತ್ತಿದ್ದೆವಲ್ಲ, ಹಾಗೆ. ತುಣುಕು ನೋಡಿದರೆ ಬಟ್ಟೆ ಯಾರದೆಂದು ತಿಳಿಯುತ್ತಿತ್ತು. ಎರಡು ವರ್ಷ ಮಾತ್ರೆ ನುಂಗುತ್ತಾ ಬಂದೆ, ಗುರುತು ಇಳಿಯುತ್ತಾ ಬಂತು. ಜನವರಿಯ ರಿಪೋರ್ಟಿನಲ್ಲಿ ಕಾಣಲೇ ಇಲ್ಲ.

ಎಡವಿದ್ದು ಇಲ್ಲೇ. ಹೊಲಿದು ಕೊಟ್ಟ ಮೇಲೆ ತುಣುಕನ್ನು ಪುಸ್ತಕದಿಂದ ಕಿತ್ತೆಸೆಯುವುದು ನಮ್ಮ ಪದ್ಧತಿ. ತುಣುಕಿಲ್ಲ ಎಂದರೆ ಕೆಲಸ ಮುಗಿಯಿತು. ನಾನೂ ಮುಗಿಯಿತೆಂದುಕೊಂಡು ಮಾತ್ರೆಗಳನ್ನು ಮೆಷಿನ್ನಿನ ಡ್ರಾಯರಿಗೆ ಹಾಕಿ ಮುಚ್ಚಿದೆ. ಏಪ್ರಿಲ್ ಪರೀಕ್ಷೆಗೂ ಚಕ್ಕರ್ ಹಾಕಿದೆ. ನೀನು ಭಾನುವಾರ ಭಾನುವಾರ ಕೇಳಿದಾಗ "ತಗೊಂಡೆ" ಎಂದೆ. ನಾಲ್ಕು ತಿಂಗಳು.

ಹೋದ ತಿಂಗಳ ರಿಪೋರ್ಟಿನಲ್ಲಿ ಗುರುತು ಮತ್ತೆ ಬಂದು ಕೂತಿದೆ. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. ಒಂದು ವರ್ಷ ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಇಂಥ ಹೊತ್ತಿಗೇ ನುಗ್ಗಿ ಬರುತ್ತದೆ. ಎದ್ದು ನಿಂತು, "ಮೇಡಂ, ಐ ಬೆಗ್ ಟು ಸ್ಟೇಟ್, ಟ್ಯಾಬ್ಲೆಟ್ ಈಸ್ ಡಿಸ್‌ಕಂಟಿನ್ಯೂಡ್. ಯುವರ್ಸ್ ಒಬೀಡಿಯೆಂಟ್‌ಲಿ," ಎಂದುಬಿಟ್ಟೆ. ನರ್ಸು ಗೋಡೆಯ ಕಡೆ ತಿರುಗಿದಳು. ಡಾಕ್ಟರಮ್ಮ ನಗಲಿಲ್ಲ.

"ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ ಯಜಮಾನ್ರೇ," ಎಂದರು. "ನಮ್ಮ ಪರೀಕ್ಷೆಗೆ ಸಿಗದಷ್ಟು ಕಡಿಮೆ ಇತ್ತು, ಅಷ್ಟೆ."

ಮಾತ್ರೆ ಮತ್ತೆ ಶುರುವಾಗಿದೆ. ಕಾಯಿಲೆ ಇನ್ನೂ ಅದರ ಮಾತು ಕೇಳುತ್ತದೋ ಇಲ್ಲವೋ ಆಗಸ್ಟಿನಲ್ಲಿ ತಿಳಿಯುತ್ತದೆ. ಆವತ್ತು ನೀನು ಬರುತ್ತೀಯಾ? ನಾನು ಇಂಗ್ಲಿಷ್ ಆಡದಂತೆ ಹಿಡಿದುಕೊಳ್ಳಲು ಒಬ್ಬರು ಬೇಕು.

ಅಳಿಯಂದಿರ ಪ್ಯಾಂಟಿನ ಸೊಂಟ ಇನ್ನು ಬಿಚ್ಚಲು ಬಟ್ಟೆಯಿಲ್ಲ, ಅನ್ನ ಕಡಿಮೆ ಮಾಡಲು ಹೇಳು. ಇಬ್ಬರೂ ತಣ್ಣಗಿರಿ.

ನಿನ್ನ ಅಪ್ಪ

ಮರೆತಿದ್ದೆ: ಮಾತ್ರೆಗೆಂದು ಡ್ರಾಯರು ಎಳೆದಾಗ ಹಳೆಯ ಅಳತೆ ಪುಸ್ತಕ ಸಿಕ್ಕಿತು. ಅದರಲ್ಲಿ ಒಂದೇ ಒಂದು ತುಣುಕು ಉಳಿದಿದೆ, ನಿಮ್ಮಮ್ಮನ ಹಸಿರು ಕೋಟಿನದು. ಹೊಲಿದು ಮುಗಿಸುವಷ್ಟರಲ್ಲಿ ಅವಳೇ ಇರಲಿಲ್ಲ. ಪಕ್ಕದಲ್ಲಿ ನನ್ನದೇ ಅಕ್ಷರ: ಹಿಂದಿನ ವರ್ಷಕ್ಕಿಂತ ಎದೆ ಮೂರಿಂಚು ಕಡಿಮೆ, ತೋಳಿನ ಸುತ್ತು ಒಂದೂವರೆ ಇಂಚು ಕಡಿಮೆ. ಟೇಪು ಹಿಡಿದು ಅವತ್ತು ನಾನು ಹೇಳಿದ್ದು, "ಒಳ್ಳೇದೇ ಆಯ್ತು ಕಣೇ, ಬಟ್ಟೆ ಮಿಗುತ್ತೆ." ಅವಳೂ ನಕ್ಕಳು. ಆಸ್ಪತ್ರೆಗೆ ಹೋದದ್ದು ಅದಾಗಿ ನಾಲ್ಕು ತಿಂಗಳಿಗೆ. ಗುರುತು ನನ್ನ ಕೈಯಲ್ಲೇ ಇತ್ತು, ಮಗಳೇ. ಇನ್ನು ಮೇಲೆ ನಾನು "ತಗೊಂಡೆ" ಎಂದರೆ ನಂಬಬೇಡ, ಖಾಲಿ ಸ್ಟ್ರಿಪ್ಪಿನ ಫೋಟೋ ಕೇಳು. ಕೋಟಿಗೆ ಗುಂಡಿ ಹಚ್ಚುವುದೊಂದೇ ಬಾಕಿ. ಅದನ್ನು ಮುಗಿಸಿ ನಿನಗೆ ಕೊಡೋಣವೆಂದು ಮಧ್ಯಾಹ್ನದಿಂದ ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಕಿಟಕಿಯ ಬೆಳಕು ಹೋಗುತ್ತಿದೆ, ಸೂಜಿಯ ಕಣ್ಣು ಕಾಣುತ್ತಿಲ್ಲ.