ಕುಂತವ್ವನನ್ನು ದುಡಿಸಬೇಡಿ

ಕಪ್ಪತಗುಡ್ಡದ ಹಗೇವು
ಕ್ರಿ.ಶ. ೨೨೧೯, ಹದಿಮೂರನೆಯ ತಿಂಗಳು, ಗಾಳಿಮಾಸದ ಒಂಬತ್ತು

ಮಾನ್ಯರೇ,

ತಾರೀಖು ನೋಡಿ ಯಾರೋ ತಲೆಕೆಟ್ಟವರು ಬರೆದಿದ್ದಾರೆ ಎಂದು ಪತ್ರ ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಇದು ಎಂದೋ ಒಮ್ಮೆ ಬರುವ ಅಧಿಕಮಾಸವಲ್ಲ, ಪ್ರತಿ ವರ್ಷವೂ ಬರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಒಂದು ಗಳಿಗೆಯೂ ನಿಲ್ಲದೆ ತಿರುಗುವ ದಿನಗಳನ್ನೆಲ್ಲ ಸೇರಿಸಿ ಹಿರಿಯರು ಅದಕ್ಕೊಂದು ಹೆಸರಿಟ್ಟರು. ನನ್ನ ಬರಹದಲ್ಲಿ ನೀವು ಕೇಳದ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಆದರೂ ಅರ್ಥವಾಗದೆ ಹೋದರೆ ಕ್ಷಮಿಸಿ, ಮುದುಕಿಯ ಮಾತು ಒಮ್ಮೊಮ್ಮೆ ಹಾದಿ ಬಿಡುತ್ತದೆ.

ನನ್ನ ಹೆಸರು ದುರಗವ್ವ ಹಗೇದಾರ. ಹಿಂದೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವು ನಿಮಗೆ ಗೊತ್ತಿರಬೇಕು. ನಾವು ಅದರಲ್ಲಿ ದಾಖಲೆ ತುಂಬಿಡುತ್ತೇವೆ. ಹಲವು ಕಂಪ್ಯೂಟರ್ ಡಿಸ್ಕ್‌ಗಳನ್ನು ಒಂದಾಗಿ ಕಟ್ಟಿ ನೀವು ಸ್ಟೋರೇಜ್ ಪೂಲ್ ಎನ್ನುವುದೇ ನಮ್ಮ ಹಗೇವು, ಅದನ್ನು ಕಾಯುವವರು ಹಗೇದಾರರು. ಮೂವತ್ತೊಂದು ವರ್ಷ ಕಾದು ಈ ಗಾಳಿಮಾಸಕ್ಕೆ ಬಿಡುತ್ತಿದ್ದೇನೆ. ಬಿಡುವ ಹಗೇದಾರರು ಹಿಂದಿನ ಕಾಲದ ಒಬ್ಬರಿಗೆ ಒಂದು ಹಿಂದೋಲೆ, ಅಂದರೆ ಹಿಂದಕ್ಕೆ ಹೋಗುವ ಓಲೆ, ಬರೆಯಬಹುದು. ಅದರಲ್ಲಿ ಒಂದೇ ಒಂದು ಕೋರಿಕೆ ಇಡಬಹುದು. ಅದು ಹೇಗೆ ತಲುಪುತ್ತದೆ ಎಂದು ಕೇಳಬೇಡಿ, ನಮ್ಮ ಅಂಚೆಯವರಿಗೂ ಸರಿಯಾಗಿ ಗೊತ್ತಿಲ್ಲ. ಬಹಳ ಜನ ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ಹೆಸರೂ ಗೊತ್ತಿಲ್ಲದ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮದೆಂದು ನಮ್ಮಲ್ಲಿ ಉಳಿದಿರುವುದು ಒಂದು ಹಾಳೆ. ನಿಮ್ಮ ಕಣ್ಣಿನ ಆಸ್ಪತ್ರೆಯ ಮೂರನೆಯ ಪೂಲ್‌ಗೆ ನೀವು ಹಾಕಿದ ಯೋಜನೆ ಅದರಲ್ಲಿದೆ, ಕೆಳಗೆ 'ಮಂ. ಬ.' ಎಂದು ಸಹಿ ಇದೆ. ಮೊದಲು ನೀಲಿ ಶಾಯಿಯಲ್ಲಿ 'ಡಿಸ್ಕ್ ಹದಿನಾಲ್ಕು, ಹದಿನಾಲ್ಕೂ ಕೆಲಸಕ್ಕೆ' ಎಂದು ಬರೆದಿದ್ದೀರಿ. ಆಮೇಲೆ ಆ ಸಾಲನ್ನು ಹೊಡೆದುಹಾಕಿ, ಕಪ್ಪು ಶಾಯಿಯಲ್ಲಿ 'ಹದಿಮೂರು ಕೆಲಸಕ್ಕೆ. ಒಂದು ಖಾಲಿ. ಯಾರೂ ಮುಟ್ಟಬಾರದು' ಎಂದು ಬರೆದಿದ್ದೀರಿ. ಮನಸ್ಸು ಯಾಕೆ ಬದಲಾಯಿತು ಎಂಬುದು ಮಾತ್ರ ಎಲ್ಲೂ ಇಲ್ಲ. ತಲೆಮಾರುಗಳಿಂದ ಹಗೇದಾರರು ಈ ಬಗ್ಗೆ ಜಗಳವಾಡುತ್ತ ಬಂದಿದ್ದಾರೆ. ಯಾರೋ ನಿಮಗೆ ಪತ್ರ ಬರೆದಿರಬೇಕು ಎಂದು ನನಗೆ ಅನ್ನಿಸಿತು. ಹಳೆಯ ಹಿಂದೋಲೆಗಳ ಪಟ್ಟಿ ತೆಗೆಸಿ ಕೇಳಿದೆ, ಯಾರೂ ಬರೆದಿಲ್ಲ. ಹಾಗಾದರೆ ಬರೆಯಬೇಕಾದವಳು ನಾನೇ.

ಆ ಕಪ್ಪು ಸಾಲಿನ ಮೇಲೆ ನನ್ನ ಮೊಮ್ಮಗಳು ಹುಲಿಗೆವ್ವನ ಕಣ್ಣು ನಿಂತಿದೆ. ನಮ್ಮ ವಂಶದಲ್ಲಿ ಒಂದು ಕಣ್ಣಿನ ರೋಗವಿದೆ, ಹದಿನಾರಕ್ಕೆ ಶುರುವಾಗುತ್ತದೆ. ಅದರಲ್ಲಿ ಎರಡು ಬಗೆ, ಮೊದಮೊದಲು ಎರಡೂ ಒಂದೇ ಥರ ಕಾಣುತ್ತವೆ. ಒಂದಕ್ಕೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷ. ಯಾವುದೆಂದು ತಿಳಿಯಲು, ಔಷಧಿಯ ಹನಿಯೂ ಬೀಳದ ಒಬ್ಬ ಹಿರಿಯರ ಕಣ್ಣಿನ ಚಿತ್ರ ಬೇಕು, ಅದೂ ವರ್ಷ ವರ್ಷವೂ ತೆಗೆದದ್ದು. ನಮ್ಮ ವಂಶದಲ್ಲಿ ಹಾಗೆ ತೆಗೆಸಿಕೊಂಡವಳು ಒಬ್ಬಳೇ, ನಿಮ್ಮ ಕಾಲದವಳು, ಗಜೇಂದ್ರಗಡದಲ್ಲಿ ಮಗ್ಗದ ಮೇಲೆ ಸೀರೆ ನೇಯುವ ಫಕೀರವ್ವ. ಅವಳು ಮುಂದಿನ ತಿಂಗಳು ನಿಮ್ಮ ಆಸ್ಪತ್ರೆಗೆ ಮೊದಲ ಸಲ ಬರುತ್ತಾಳೆ, ನಾಲ್ಕು ವರ್ಷ ತಪ್ಪದೆ ಬರುತ್ತಾಳೆ. ಅವಳ ಚಿತ್ರಗಳು ಸೇರುವುದು ನೀವು ಈಗ ಕಟ್ಟುತ್ತಿರುವ ಮೂರನೆಯ ಪೂಲ್‌ಗೆ.

ನಿನ್ನೆಯ ನಿಮ್ಮ ಸಭೆಯ ಧ್ವನಿಮುದ್ರಿಕೆ ನಮ್ಮಲ್ಲಿದೆ. ನಿಮ್ಮ ಮ್ಯಾನೇಜರ್ ಕಳಕಪ್ಪನವರು ಒಳ್ಳೆಯ ಗಂಟಲಿನ ಮನುಷ್ಯ. "ಹದಿನಾಲ್ಕು ತರಿಸೀವಿ, ಹದಿಮೂರು ದುಡೀತಾವು, ಒಂದು ಸುಮ್ಮ ಕುಂತಿರತೈತಿ. ಇದ್ಯಾವ ನ್ಯಾಯರೀ? ಕುಂತು ತಿನ್ನಾಂವಗ ಕುಡಿಕಿ ಹೊನ್ನು ಸಾಲಂಗಿಲ್ಲ ಅಂತಾರ. ಮೊದಲನೇ ಪೂಲ್ ನೋಡ್ರಿ, ಒಂದೂ ಖಾಲಿ ಇಲ್ಲ, ಗುಂಡಕಲ್ಲಿನಂಗ ಐತಿ!" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಿಮ್ಮ ಕುರ್ಚಿ ಸರಿದ ಸದ್ದು ಕೇಳುತ್ತದೆ. ನೀಲಿ ಸಾಲು ಬರೆದದ್ದು ಆಮೇಲೆ ಎಂದು ನನ್ನ ಲೆಕ್ಕ. ಸಿಟ್ಟು ಬಂತು ನನಗೆ, ಸುಳ್ಳು ಯಾಕೆ ಹೇಳಲಿ? ಉತ್ತರ ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರಿ.

ಕಳಕಪ್ಪನವರ ಗುಂಡುಕಲ್ಲಿಗೆ ಏನಾಗುತ್ತದೆ ಎಂದು ಹೇಳುತ್ತೇನೆ. ಆ ಮೊದಲನೆಯ ಪೂಲ್‌ನ ಹದಿನಾಲ್ಕು ಡಿಸ್ಕ್‌ಗಳೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಆಯುಧಪೂಜೆಯ ದಿನ ಕುಂಕುಮವಿಟ್ಟು, ನಿಂಬೆಹಣ್ಣು ಕೊಯ್ದು, ಒಂದೇ ಮುಹೂರ್ತಕ್ಕೆ ಹದಿನಾಲ್ಕನ್ನೂ ಚಾಲೂ ಮಾಡಿದರು. ಪೂಜೆಗೆ ನನ್ನ ತಕರಾರಿಲ್ಲ, ನಾವೂ ಮಾಡುತ್ತೇವೆ. ಆದರೆ ಒಂದೇ ಗಳಿಗೆಗೆ ಹುಟ್ಟಿ ಒಂದೇ ಸಮ ದುಡಿದವು ಒಟ್ಟಿಗೇ ಮುದಿಯಾಗುತ್ತವೆ. ನಾವು ಇದನ್ನು ಓರಗೆದೋಷ ಎನ್ನುತ್ತೇವೆ. ಇನ್ನೆರಡು ವರ್ಷಕ್ಕೆ ಅದರಲ್ಲಿ ಒಂದು ಸಾಯುತ್ತದೆ. ಬದಲಿ ಇಲ್ಲ, ತರಿಸಬೇಕು. ಎರಡನೆಯ ದಿನ ಇನ್ನೊಂದು ಸಾಯುತ್ತದೆ. ನಾಲ್ಕನೆಯ ದಿನ ಹೊಸದು ಬಂದು, ಉಳಿದವನ್ನೆಲ್ಲ ಹಗಲಿರುಳು ಓದಿಸಿ ಕಳೆದದ್ದನ್ನು ಮತ್ತೆ ಕಟ್ಟುವಾಗ ಆ ದುಡಿಮೆಗೇ ಮೂರನೆಯದು ಬೀಳುತ್ತದೆ. ಮೂರು ತಾಲ್ಲೂಕಿನ ಜನರ ಕಣ್ಣಿನ ಚಿತ್ರಗಳು ಒಂದು ಮಧ್ಯಾಹ್ನದಲ್ಲಿ ಹೋಗುತ್ತವೆ. ಅವನ್ನೂ ಉಳಿಸಿ ಎಂದು ಕೇಳಲು ನಾಲಿಗೆ ತುದಿಗೆ ಬಂದಿದೆ. ಒಂದೇ ಕೋರಿಕೆ ಎಂಬ ನಿಯಮ ಅಡ್ಡ ಬರುತ್ತದೆ, ನುಂಗಿಕೊಂಡಿದ್ದೇನೆ.

ಸತ್ತ ಡಿಸ್ಕ್‌ನಲ್ಲಿದ್ದದ್ದನ್ನು ಉಳಿದವುಗಳಿಂದ ಮತ್ತೆ ಕಟ್ಟುವ ಈ ವಿದ್ಯೆಯನ್ನು ನೀವು ರೇಡ್ ಎನ್ನುತ್ತಿದ್ದಿರಂತೆ. ಅದೇ ಹೆಸರಿನಲ್ಲಿ ಅಧಿಕಾರಿಗಳ ಮನೆಗೆ ನುಗ್ಗಿ ಚಿನ್ನ ಹುಡುಕುತ್ತಿದ್ದುದನ್ನು ಹಳೆಯ ಪತ್ರಿಕೆಗಳಿಂದ ಓದಿಸಿ ಕೇಳಿ, ನಾನು ಹೊಸದಾಗಿ ಸೇರಿದಾಗ ಬಹಳ ದಿನ ಎರಡನ್ನೂ ಒಂದೇ ಎಂದುಕೊಂಡಿದ್ದೆ. ನಾವು ಇದನ್ನು ಸಾಕ್ಷಿಕಟ್ಟು ಎನ್ನುತ್ತೇವೆ. ಪಂಕ್ತಿಗೆ ಒಟ್ಟು ಎಷ್ಟು ಹೋಳಿಗೆ ಬಡಿಸಿದೆವೆಂದು ಗೊತ್ತಿದ್ದರೆ, ಎದ್ದು ಹೋದ ಒಬ್ಬನ ಎಲೆಗೆ ಎಷ್ಟು ಬಿದ್ದಿತ್ತೆಂದು ಉಳಿದವರ ಎಲೆ ನೋಡಿ ಹೇಳಬಹುದು. ಆ ಒಟ್ಟು ಲೆಕ್ಕವೇ ಸಾಕ್ಷಿ. ನಿಮ್ಮ ಯೋಜನೆಯಲ್ಲಿ ಅಂಥ ಸಾಕ್ಷಿ ಎರಡು ಇವೆ, ಇಬ್ಬರು ಎದ್ದು ಹೋದರೂ ನಡೆಯುತ್ತದೆ. ಮೂರನೆಯವನು ಎದ್ದರೆ ದೇವರೂ ಹೇಳಲಾರ.

ಅದಕ್ಕೇ ಖಾಲಿ ಕೂತ ಡಿಸ್ಕ್‌ಗೆ ನಮ್ಮಲ್ಲಿ ಇಷ್ಟು ಮರ್ಯಾದೆ. ಅವಳ ಹೆಸರು ಕುಂತವ್ವ. ಬೆಳಿಗ್ಗೆ ಮೇಲೆ ರೊಟ್ಟಿ ಬಡಿಯುವ ಸದ್ದು, ಕೆಳಗೆ ಡಿಸ್ಕ್‌ಗಳ ಗುಂಯ್ ಎನ್ನುವ ಸದ್ದು. ಮೊದಲ ರೊಟ್ಟಿ ಕುಂತವ್ವನ ಹೆಸರಿಗೆ ತೆಗೆದಿಡುತ್ತೇವೆ. ತಿನ್ನುವವರು ಅಂದಿನ ಪಾಳಿಯವರೇ ಅನ್ನಿ. ಅಮಾವಾಸ್ಯೆಗೊಮ್ಮೆ ಅವಳನ್ನು ಎಬ್ಬಿಸಿ, ಓಡಿಸಿ ನೋಡಿ, ಮತ್ತೆ ಕೂರಿಸುತ್ತೇವೆ. ಕೂತಲ್ಲೇ ಸತ್ತವಳನ್ನು ಕಾವಲಿಗಿಟ್ಟು ಏನು ಬಂತು? ಹೊಸ ಡಿಸ್ಕ್‌ಗಳನ್ನು ಬೇರೆ ಬೇರೆ ಸಂತೆಯಿಂದ, ಬೇರೆ ಬೇರೆ ವಾರ ತರುತ್ತೇವೆ, ಓರಗೆಯವು ಒಂದೇ ಹಗೇವಿನಲ್ಲಿ ಕೂರುವಂತಿಲ್ಲ. ಇಡೀ ಹಗೇವಿನ ನಕಲೊಂದು ದೂರದ ಊರಿನಲ್ಲಿರುತ್ತದೆ, ಬೆಂಕಿಗೆ ಯಾವ ಸಾಕ್ಷಿಯ ಹಂಗೂ ಇಲ್ಲವಲ್ಲ. ಊರಲ್ಲಿ ಒಬ್ಬಳನ್ನು "ಕುಂತವ್ವನಂಥಾಕಿ" ಎಂದರೆ ಅದು ದೊಡ್ಡ ಹೊಗಳಿಕೆ, ಹಾಗೆನ್ನಿಸಿಕೊಂಡವಳು ವಾರವೆಲ್ಲ ಬೀಗುತ್ತಾಳೆ.

ನಿಮ್ಮ ಮೂರನೆಯ ಪೂಲ್‌ನ ಕಥೆ ಹೀಗಿದೆ. ಒಂಬತ್ತನೆಯ ವರ್ಷ, ಶುಕ್ರವಾರ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ ಒಂದು ಡಿಸ್ಕ್ ಸತ್ತಿತು. ಯಾರ ಅಪ್ಪಣೆಯೂ ಇಲ್ಲದೆ ಕುಂತವ್ವ ಎದ್ದು ಅದರ ಜಾಗಕ್ಕೆ ಹೋದಳು. ಶನಿವಾರ ಎರಡನೆಯದು ಸತ್ತಿತು. ಭಾನುವಾರ ಸಂಜೆಯ ಹೊತ್ತಿಗೆ ಅವಳು ಮೊದಲನೆಯದರಲ್ಲಿದ್ದದ್ದನ್ನೆಲ್ಲ ಪೂರ್ತಿ ತುಂಬಿಕೊಂಡಿದ್ದಳು. ಸೋಮವಾರ ಬೆಳಿಗ್ಗೆ ಮೂರನೆಯದು ಹೋಯಿತು. ಅಷ್ಟರಲ್ಲಿ ಮೊದಲನೆಯದರ ಸ್ಥಾನ ತುಂಬಿದ್ದರಿಂದ ಕೊರತೆ ಎರಡೇ, ಸಾಕ್ಷಿಯೂ ಎರಡು. ಒಂದು ಚಿತ್ರವೂ ಕಳೆಯಲಿಲ್ಲ. ಅಂದಿನಿಂದ ಇಂದಿನವರೆಗೆ ಅದರ ಡಿಸ್ಕ್‌ಗಳು ಎಷ್ಟೋ ಸಲ ಸತ್ತು ಎಷ್ಟೋ ಸಲ ಬದಲಾಗಿವೆ, ಹಗೇವು ಮಾತ್ರ ಅದೇ. ಫಕೀರವ್ವ ಅದರಲ್ಲಿದ್ದಾಳೆ.

ನನ್ನ ಕೋರಿಕೆ ಇಷ್ಟೇ. ನೀಲಿ ಸಾಲನ್ನು ಹೊಡೆದುಹಾಕಿ. ಕಳಕಪ್ಪನವರು ನಗಲಿ, ಊರೇ ನಗಲಿ, ಒಂದನ್ನು ಖಾಲಿ ಬಿಡಿ. ನೀವು ಮಾಡುತ್ತೀರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ನನಗೆ ಹದಿನಾರಾದಾಗ ಫಕೀರವ್ವನ ಚಿತ್ರ ಉಳಿದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಮೊದಲನೆಯ ಪೂಲ್‌ನ ಜೊತೆ ಹೋಯಿತೆಂದೇ ತಿಳಿದಿದ್ದರು. ವೈದ್ಯರು ಊಹೆಯ ಮೇಲೆ ಔಷಧಿ ಹಾಕಿದರು. ಅದು ತಪ್ಪು ಔಷಧಿ. ಆ ಚಿತ್ರವನ್ನು ಹುಡುಕಿಸಲೆಂದೇ ನಾನು ಹಗೇದಾರಳಾದೆ, ಡಿಸ್ಕ್‌ಗಳನ್ನು ಕಿವಿಯಿಂದ, ಬೆರಳಿನಿಂದ ಕಾದೆ. ಕೊನೆಗೂ ಸಿಕ್ಕ ಆ ಚಿತ್ರ ನೋಡಿಯೇ ಹುಲಿಗೆವ್ವನಿಗೆ ಔಷಧಿ ಹಾಕಿದ್ದಾರೆ, ಮೊನ್ನೆ ಪಟ್ಟಿ ಬಿಚ್ಚಿದರು.

ಈ ಪತ್ರದ ಅಕ್ಷರ ಅವಳದು. ನಾನು ಹೇಳುತ್ತ ಹೋದೆ, ಅವಳು ಬರೆಯುತ್ತ ಹೋದಳು. ಹೇಳಿದ್ದನ್ನೆಲ್ಲ ಬರೆದಿದ್ದಾಳೋ, ತನಗೆ ಬೇಕಾದ್ದು ಸೇರಿಸಿದ್ದಾಳೋ ನನಗೆ ಕಾಣುವುದಿಲ್ಲ. ಓದಿ ಹೇಳು ಎಂದೆ.

ಓದುತ್ತಿದ್ದಾಳೆ.

ನಿಮ್ಮ
ದುರಗವ್ವ ಹಗೇದಾರ