ಹತ್ತು ನಿಮಿಷ ಮುಂದಿನ ಗಡಿಯಾರ

ಸೋಮವಾರ, ಸಂಜೆ ಆರು ಗಂಟೆ
(ನಿಜವಾದ ಆರು)

ನನ್ನ ಮುದ್ದು ಪುಟ್ಟಿಗೆ,

ಮೊದಲು ಬೈಗುಳ, ಆಮೇಲೆ ಸುದ್ದಿ. ಹೋದ ವಾರ ರಜೆಗೆ ಬಂದವಳು ನಿನ್ನೆ ಹೊರಡುವಾಗ ಅಡುಗೆಮನೆಯ ಗಡಿಯಾರವನ್ನು ಸರಿ ಮಾಡಿ ಹೋದೆಯಲ್ಲ, ಒಂದು ಮಾತು ಹೇಳಬಾರದಿತ್ತೇ? ಅದು ಹತ್ತು ನಿಮಿಷ ಮುಂದಿರುವುದು ಈ ಮನೆಯ ಗೋಡೆಗಳಿಗೂ ಗೊತ್ತು.

ಇವತ್ತು ಹತ್ತಕ್ಕೆ ಆಸ್ಪತ್ರೆಯಲ್ಲಿ ನನ್ನ ಇಂಟರ್‌ವ್ಯೂ. ಹದಿನೆಂಟು ವರ್ಷದಿಂದ ಲಾಂಡ್ರಿಯಲ್ಲಿ ಪಾರ್ಟ್ ಟೈಮ್ ಇರುವವಳು ಫುಲ್ ಟೈಮ್ ಮೇಲ್ವಿಚಾರಕಿ ಆಗಲು ಇದೇ ಕೊನೆಯ ಅವಕಾಶ, ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಹಿಂದಿನ ಎರಡು ಸಲವೂ ಇಂಗ್ಲಿಷ್ ಎಂದ ಕೂಡಲೇ ಬಾಯಿಗೆ ಬೀಗ ಬಿದ್ದಿತ್ತು. ಗಡಿಯಾರ ಒಂಬತ್ತು ಐವತ್ತು ತೋರಿಸಿತು. ಅದರಲ್ಲಿ ಹತ್ತು ಕಳೆದರೆ ಒಂಬತ್ತು ನಲವತ್ತು, ಇಪ್ಪತ್ತು ನಿಮಿಷದ ದಾರಿ ತಾನೇ ಎಂದು ಸೀರೆಯ ನೆರಿಗೆಯನ್ನು ಇನ್ನೊಮ್ಮೆ ಸರಿಮಾಡಿಕೊಂಡು ಆರಾಮವಾಗಿ ಹೊರಟೆ. ಆಸ್ಪತ್ರೆಯ ಗೋಡೆಯ ಗಡಿಯಾರದಲ್ಲಿ ಹತ್ತೂ ಹತ್ತು! ಇದು ನಿನ್ನ ಕೈಚಳಕ ಎಂದು ಆಗ ಹೊಳೆಯಿತು.

ಒಳಗೆ ದೊಡ್ಡ ಮೇಡಂ ನನ್ನ ಕಾಗದವನ್ನು ಆಗಲೇ ಬದಿಗಿಟ್ಟಿದ್ದರು. ತಡ ಯಾಕೆ ಎಂದು ಇಂಗ್ಲಿಷಿನಲ್ಲೇ ಕೇಳಿದರು. ನನಗೆ ಎಲ್ಲಿತ್ತೋ ಕೋಪ.

“ಒನ್ ಟೈಮ್ ಲೇಟ್, ಮೇಡಂ. ಎಯ್ಟೀನ್ ಇಯರ್ಸ್ ಆನ್ ಟೈಮ್.”

ಅಷ್ಟೇ, ಬೀಗ ಕಳಚಿ ಬಿತ್ತು. ಹೆಸರಿಗೆ ಪಾರ್ಟ್ ಟೈಮ್, ಮಾಡಿದ್ದು ಓವರ್ ಟೈಮ್ ಎಂದೆ. ಆಪರೇಷನ್ ಕೋಣೆಯ ಬಟ್ಟೆ ಒಂದು ಟೈಮೂ ತಡವಾಗಲಿಲ್ಲ ಎಂದೆ. ಇದು ನನ್ನ ಥರ್ಡ್ ಟೈಮ್, ಲಾಸ್ಟ್ ಟೈಮ್, ಆದ್ದರಿಂದ ಇವತ್ತು ನೀವೇ ಸ್ವಲ್ಪ ಟೈಮ್ ಕೊಡಬೇಕು ಎಂದೂ ಹೇಳಿಬಿಟ್ಟೆ. ಗಡಿಯಾರದ ಕಥೆ ಹೇಳಿದಾಗ ಮೇಡಂ ಕನ್ನಡಕ ತೆಗೆದು ನಕ್ಕರು, ನನ್ನ ಕಾಗದವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಒಂದೇ ಪದವನ್ನು ಇಷ್ಟು ಕಡೆ ದುಡಿಸಿದವರನ್ನು ನೋಡಿಲ್ಲ ಎಂದರಂತೆ. ಜವಾನ ಆಮೇಲೆ ಹೇಳಿದ.

ನಾಲ್ಕು ಗಂಟೆಗೆ ಪಟ್ಟಿ ಹಾಕಿದರು. ನನ್ನ ಹೆಸರೇ ಕಣೇ, ಮೊದಲನೆಯದು! ಮೂರು ಸಲ ಓದಿದೆ. ಇಸ್ತ್ರಿ ಹೆಂಗಸರೆಲ್ಲ ನನ್ನನ್ನು ಎತ್ತಿ ಕುಣಿಸಿದರು. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ ನನಗೆ.

ಇಂಗ್ಲಿಷ್ ಎಲ್ಲಿ ಕಲಿತಿರಿ ಎಂದು ಮೇಡಂ ಕೇಳಿದರು. ಮಗಳು ಕಲಿಸಿದಳು ಎಂದೆ. ನೀನು ಹುಬ್ಬೇರಿಸುವುದು ಇಲ್ಲಿಂದಲೇ ಕಾಣುತ್ತಿದೆ.

ಇಂತಿ,
ಫುಲ್ ಟೈಮ್ ಆದ ನಿನ್ನ
ಅಮ್ಮ

ಮರೆತ ಮಾತು: ಗಡಿಯಾರವನ್ನು ಮುಂದಿಟ್ಟದ್ದು ನಿನಗೆ ಶಾಲೆಗೆ ತಡವಾಗದಿರಲಿ ಎಂದು ಹೇಳುತ್ತಿದ್ದೆನಲ್ಲ, ಅದು ಸುಳ್ಳು. ನಿನ್ನನ್ನು ಬೇಗ ಕಳಿಸಿ, ಕೆಲಸಕ್ಕೆ ಓಡುವ ಮುಂಚೆ ಹತ್ತು ನಿಮಿಷ ನಿನ್ನ ಹಳೆಯ ಇಂಗ್ಲಿಷ್ ಪುಸ್ತಕ ಓದುತ್ತಿದ್ದೆ, ಯಾವಾಗಲೂ ನಿನಗಿಂತ ಒಂದು ತರಗತಿ ಹಿಂದೆ. ಗೇಟು ತೆಗೆದೇ ಇರಲಿಲ್ಲ ಎಂದು ನೀನು ಮುಖ ಊದಿಸಿಕೊಂಡು ಬಂದಾಗಲೆಲ್ಲ ಶಾಲೆಯವರನ್ನು ಬೈದೆ. ಅಲ್ಲಿ ನೀನು ಕಾದು ನಿಂತಾಗಲೇ ಇಲ್ಲಿ ನಾನು ಕಲಿತದ್ದು, ಪುಟ್ಟಿ. ಗಡಿಯಾರವನ್ನು ನೀನು ಇಟ್ಟ ಹಾಗೇ ಬಿಟ್ಟಿದ್ದೇನೆ.